ಸ್ಪೆಷಲ್ ಹಾಕುವುದಾ, ಸಾದಾ ಹಾಕುವುದಾ?

ನನ್ನ ಜಾಗಕ್ಕೆ ಈಗ ಶ್ವೇತಾ ಅಂತ ಒಂದು ಹುಡುಗಿ ಬಂದಿದ್ದಾಳೆ. ಮೊನ್ನೆ ನಾನು ಸಂತೆಯಿಂದ ಬರುವಾಗ ಪೆಟ್ರೋಲ್ ಬಂಕಿನಿಂದಲೇ ಕೈ ಬೀಸಿ ಕರೆದಳು.

"ವಾರಿಜಕ್ಕ, ಒಂದು ವಿಷಯ ಹೇಳಿ ಹೋಗಿ. ಸ್ಪೆಷಲ್ ಹಾಕಿದರೆ ಎಂತ ಪ್ರಯೋಜನ ಅಂತ ಗಿರಾಕಿಗಳು ಕೇಳ್ತಾರೆ. ನಾನು ಎಂತ ಹೇಳುವುದು?"

ನಾನು ಬಸಳೆ ಕಟ್ಟನ್ನು ಈ ಕೈಯಿಂದ ಆ ಕೈಗೆ ಬದಲಿಸಿದೆ. "ಬರೆದು ಕೊಡ್ತೇನೆ" ಅಂದೆ. ಬಾಯಲ್ಲಿ ಉತ್ತರ ಇಲ್ಲದವರು ಹೀಗೆಯೇ ತಪ್ಪಿಸಿಕೊಳ್ಳುವುದು. ಮನೆಗೆ ಬಂದು ದೇವರಿಗೆ ದೀಪ ಹಚ್ಚಿ ಕೂತು ಯೋಚಿಸಿದೆ. ಹದಿನೇಳು ವರ್ಷ ಅದೇ ಪೈಪು ಹಿಡಿದು ನಿಂತಿದ್ದೇನೆ. ಆದರೂ ಆ ಮಗು ಕೇಳಿದ್ದಕ್ಕೆ ಹೌದು ಅಥವಾ ಇಲ್ಲ ಅಂತ ಒಂದು ಮಾತು ನನ್ನ ಹತ್ತಿರ ಇಲ್ಲ. ಇರುವುದನ್ನು ಬರೆಯುತ್ತೇನೆ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗಿಯರು ಓದಲಿ. ಅವರಿಗಾದರೂ ತಿಳಿದರೆ ನನಗೆ ತಿಳಿಸಲಿ.

ನಾನು ಮನೆಯವಳು. ಬಂಕಿನಲ್ಲಿ ಇದ್ದಾಗಲೂ ನನ್ನನ್ನು ನಾನೇ ಕೆಲಸದವಳು ಅಂತ ಎಣಿಸಿದ್ದೇ ಇಲ್ಲ. ಬೆಳಿಗ್ಗೆ ತುಳಸಿಗೆ ನೀರು ಹಾಕಿ, ಗಂಜಿ ಬೇಯಿಸಿ, ಲಾಯಿಲದ ನಮ್ಮ ಮನೆಯಿಂದ ಹತ್ತು ನಿಮಿಷ ನಡೆದು ಬಂಕಿಗೆ ಹೋಗುವುದು. ಮಧ್ಯಾಹ್ನ ಮೂರಕ್ಕೆ ಬಂದು ಮತ್ತೆ ಒಲೆಯ ಹತ್ತಿರ ನಿಲ್ಲುವುದು. ಅಲ್ಲಿ ಗಾಡಿಗಳ ಹೊಟ್ಟೆ, ಇಲ್ಲಿ ಮನೆಯವರ ಹೊಟ್ಟೆ. ಇಷ್ಟೇ ವ್ಯತ್ಯಾಸ ಅಂತ ತಿಳಿದಿದ್ದೆ. ನನ್ನ ತಪ್ಪೆಲ್ಲ ಶುರುವಾದದ್ದು ಹಾಗೆ ತಿಳಿದದ್ದರಿಂದಲೇ. ಅದನ್ನು ಮುಂದೆ ಹೇಳುತ್ತೇನೆ.

ಮ್ಯಾನೇಜರ್ ಮಾಧವಣ್ಣ ಕೆಲಸ ಕಲಿಸಿದವರು. ಬೈಗುಳದವರು, ಆದರೆ ಕಲಿಸುವಾಗ ಒಂದೂ ಅಡಗಿಸಿ ಇಡುತ್ತಿರಲಿಲ್ಲ. ಮೊದಲ ದಿನವೇ ಬಿಳಿ ಸೋಸುಕಾಗದದ, ಅಂದರೆ ಫಿಲ್ಟರ್ ಪೇಪರಿನ, ಒಂದು ತುಂಡು ಕೈಗೆ ಕೊಟ್ಟರು. "ಯಾರಾದರೂ ಕಲಬೆರಕೆ ಅಂದರೆ ಮಾತಾಡಬೇಡಿ ವಾರಿಜಕ್ಕ. ಪೈಪಿನ ಬಾಯಿ ಒರೆಸಿ ಇದರ ಮೇಲೆ ಒಂದು ಹನಿ ಹಾಕಿ. ಎರಡು ನಿಮಿಷದಲ್ಲಿ ಕಲೆ ಇಲ್ಲದೆ ಆರಿದರೆ ಶುದ್ಧ. ಕಲೆ ಉಳಿದರೆ ನನ್ನನ್ನು ಕರೆಯಿರಿ."

ಆ ಕಾಗದದ ಮೇಲೆ ನನಗೆ ತುಂಬ ಭಕ್ತಿ ಬಂತು. ಮನುಷ್ಯರಿಗೂ ಇಂಥದ್ದೊಂದು ಇದ್ದಿದ್ದರೆ ಎಷ್ಟು ಸುಲಭ ಅಂತ ಕಾಣುತ್ತಿತ್ತು.

ಕೆಲವು ವರ್ಷ ಕಳೆದ ಮೇಲೆ ನಮ್ಮ ಬಂಕಿಗೆ ಪ್ರೀಮಿಯಂ ಪೆಟ್ರೋಲ್ ಬಂತು. ಊರಿನವರ ಬಾಯಲ್ಲಿ ಅದು ಸ್ಪೆಷಲ್ ಆಯಿತು. ಅದಕ್ಕೆ ಬೇರೆ ಪೈಪು, ಬೇರೆ ಬಣ್ಣ, ರೇಟೂ ಹೆಚ್ಚು. ತರಬೇತಿ ಕೊಡಲಿಕ್ಕೆ ಪೆಟ್ರೋಲ್ ಕಂಪೆನಿಯಿಂದ ಇಸ್ತ್ರಿ ಅಂಗಿಯ ಒಬ್ಬರು ಬಂದರು. ಇದರಲ್ಲಿ ಇಂಜಿನ್ ತೊಳೆಯುವ ಮದ್ದು ಉಂಟು, ಆಕ್ಟೇನ್ ಹೆಚ್ಚು ಉಂಟು, ಗಿರಾಕಿ ನಿಂತ ಕೂಡಲೇ ಸ್ಪೆಷಲ್ ಹಾಕುವುದಾ ಅಂತ ನೀವೇ ಮೊದಲು ಕೇಳಬೇಕು ಅಂದರು.

"ಆಕ್ಟೇನ್ ಅಂದರೆ ಎಂತ ಸರ್?" ಅಂತ ನಾನು ಕೇಳಿದೆ.

"ಅಮ್ಮ, ಅದು ಹೆಚ್ಚಿದ್ದಷ್ಟು ಒಳ್ಳೆಯದು."

ಅವರು ಹೋದ ಮೇಲೆ ಮಾಧವಣ್ಣನಿಗೆ ಕಾಣದ ಹಾಗೆ ಸೋಸುಕಾಗದದ ಮೇಲೆ ಒಂದು ಹನಿ ಸಾದಾ, ಪಕ್ಕದಲ್ಲಿ ಒಂದು ಹನಿ ಸ್ಪೆಷಲ್ ಹಾಕಿ ನೋಡಿದೆ. ಎರಡೂ ಆರಿದವು. ಎರಡೂ ಕಲೆ ಬಿಡಲಿಲ್ಲ. ಕಾಗದ ಎತ್ತಿ ಬಿಸಿಲಿಗೆ ಹಿಡಿದೆ, ಮೂಸಿಯೂ ನೋಡಿದೆ. ಎಲ್ಲಿ ಯಾವುದನ್ನು ಹಾಕಿದ್ದೆ ಅಂತ ನನಗೇ ಮರೆತುಹೋಯಿತು.

ಆ ದಿನ ಶುರುವಾದ ಗೊಂದಲ ನನಗೆ ಇವತ್ತಿಗೂ ಬಿಟ್ಟಿಲ್ಲ.

ಒಬ್ಬರು ಅಡುಗೆ ಭಟ್ರು ಇದ್ದರು. ಮದುವೆ, ಉಪನಯನಕ್ಕೆ ಅಡುಗೆ ಮಾಡುವವರು. ಅವರದ್ದೊಂದು ಹಳೆ ಸ್ಕೂಟರು. "ಸ್ಪೆಷಲ್ ಹಾಕದಿದ್ದರೆ ನಮ್ಮ ಮನೆಯ ಏರು ಹತ್ತುವುದೇ ಇಲ್ಲ ವಾರಿಜಕ್ಕ" ಅನ್ನುವರು. ಒಂದು ದಿನ ಕೈತಪ್ಪಿ ನಾನು ಅವರಿಗೆ ಸಾದಾ ಹಾಕಿಬಿಟ್ಟೆ. ಅವರು ಬಿಲ್ಲು ನೋಡುವವರಲ್ಲ, ನೂರು ರೂಪಾಯಿಗೆ ಹಾಕಿಸಿಕೊಂಡು ಹೊರಟೇ ಹೋದರು. ಗೊತ್ತಾದ ಮೇಲೆ ರಸ್ತೆಯ ಕಡೆಗೇ ನೋಡುತ್ತಾ ನಿಂತೆ. ಏರಿನಲ್ಲಿ ಎಲ್ಲಿ ಸಿಕ್ಕಿಬಿದ್ದರೋ, ಹಿಂದಿನ ಸೀಟಿನಲ್ಲಿ ಸಾರಿನ ಪುಡಿಯ ಡಬ್ಬ ಬೇರೆ ಉಂಟು.

ವಾರ ಬಿಟ್ಟು ಬಂದರು. ಮುಖದಲ್ಲಿ ನಗು. "ಮೊನ್ನೆಯ ಸ್ಪೆಷಲ್ ಅಂದರೆ ಸ್ಪೆಷಲ್! ಏರು ಹಾರಿ ಹೋಯಿತು. ಮೈಲೇಜೂ ಹೆಚ್ಚು ಬಂತು."

ಮೈಲೇಜು ಯಾಕೆ ಬರಲಿಕ್ಕಿಲ್ಲ? ಅದೇ ನೂರು ರೂಪಾಯಿಗೆ ಸಾದಾ ಸ್ವಲ್ಪ ಹೆಚ್ಚೇ ಬೀಳುತ್ತದೆ. ದೇವರ ಎದುರು ಸುಳ್ಳು ಇಟ್ಟುಕೊಳ್ಳಬಾರದು ಅಂತ ಅಲ್ಲೇ ಹೇಳಿದೆ: "ಭಟ್ರೇ, ತಪ್ಪಾಯಿತು. ಮೊನ್ನೆ ಹಾಕಿದ್ದು ಸಾದಾ."

ಅವರು ನನ್ನನ್ನೇ ನೋಡಿದರು. "ಎಂತ ವಾರಿಜಕ್ಕ, ನಾನು ನಲವತ್ತು ವರ್ಷ ಸಾಂಬಾರಿನ ರುಚಿ ನೋಡಿದವ. ನನಗೆ ಗೊತ್ತಾಗುವುದಿಲ್ಲವಾ? ಹಾಕಿ, ಹಾಕಿ, ಸ್ಪೆಷಲೇ ಹಾಕಿ."

ಹಾಕಿದೆ. ಮತ್ತೆಂತ ಮಾಡುವುದು?

ಇನ್ನೊಬ್ಬರು ಉಜಿರೆಯ ಕಾಲೇಜಿನ ಮೇಷ್ಟ್ರು. ನನಗೆ ಆಕ್ಟೇನ್ ತಿಳಿಸಿಕೊಟ್ಟವರು ಅವರೇ. ಇಂಜಿನ್ನಿನ ಒಳಗೆ ಪೆಟ್ರೋಲು ಹೊತ್ತಿಗೆ ಮೊದಲೇ ತನ್ನಷ್ಟಕ್ಕೆ ಉರಿದು ಕಟಕಟ ಅನ್ನದ ಹಾಗೆ ತಡೆದುಕೊಳ್ಳುವ ಗುಣವೇ ಆಕ್ಟೇನಂತೆ. "ಅದು ಶಕ್ತಿ ಅಲ್ಲ, ತಾಳ್ಮೆ" ಅಂದರು. ಯಾವ ಗಾಡಿಗೆ ಎಷ್ಟು ಬೇಕು ಅಂತ ಗಾಡಿ ಕಂಪೆನಿಯವರ ಪುಸ್ತಕದಲ್ಲೇ ಬರೆದಿರುತ್ತದೆ, ದಿನಾ ಓಡಾಡುವ ನಮ್ಮಂಥವರ ಗಾಡಿಗೆ ಸಾದಾ ಸಾಕು, ಹೆಚ್ಚಿನದು ಹಾಕಿದರೆ ಹೆಚ್ಚಿನದೇನೂ ಸಿಗುವುದಿಲ್ಲ ಅಂದರು.

"ಹಾಗಾದರೆ ನಿಮಗೆ ಸಾದಾ ಹಾಕುವುದಾ ಸರ್?"

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. "ಇಲ್ಲ, ಸ್ಪೆಷಲ್ ಹಾಕಿ. ಕಾರು ಹೊಸತು. ಮನಸ್ಸು ಕೇಳುವುದಿಲ್ಲ."

ಈಗ ಹೇಳಿ, ನನ್ನಂಥವಳು ಎಂತ ತಿಳಿದುಕೊಳ್ಳುವುದು?

ಹಾಗಾಗಿ ನಾನು ನನ್ನದೇ ಒಂದು ಲೆಕ್ಕಾಚಾರ ಮಾಡಿದೆ. ಅಡುಗೆಮನೆಯ ಲೆಕ್ಕಾಚಾರ. ನಮ್ಮಲ್ಲಿ ತಿನ್ನುವುದೆಲ್ಲ ಒಂದೋ ಉಷ್ಣ, ಇಲ್ಲವೋ ತಂಪು. ಹಲಸಿನ ಹಣ್ಣು ಉಷ್ಣ, ಮಜ್ಜಿಗೆ ತಂಪು. ಒಳ್ಳೆಯ ವಸ್ತು ಅಂದರೆ ಹೆಚ್ಚಾಗಿ ಉಷ್ಣವೇ. ಶಕ್ತಿ ಕೊಡುತ್ತದೆ, ಆದರೆ ದಿನಾ ತಿಂದರೆ ಮೈಯಲ್ಲಿ ಬೊಕ್ಕೆ ಏಳುತ್ತದೆ. ಹಾಗೆಯೇ ಸ್ಪೆಷಲ್ ಪೆಟ್ರೋಲ್ ಉಷ್ಣ, ಸಾದಾ ತಂಪು ಅಂತ ನನ್ನ ತಲೆಯಲ್ಲಿ ಕೂತಿತು. "ಒಂದು ಸಲ ಸ್ಪೆಷಲ್ ಹಾಕಿದರೆ ಮತ್ತೆ ಎರಡು ಸಲ ಸಾದಾ ಹಾಕಿ, ಗಾಡಿಗೆ ಹೀಟ್ ಆಗುವುದಿಲ್ಲ" ಅಂತ ಗಿರಾಕಿಗಳಿಗೆ ಹೇಳತೊಡಗಿದೆ. ಒಬ್ಬರಾದರೂ ನಗಬೇಕಲ್ಲವಾ? ಇಲ್ಲ. ಎಲ್ಲರೂ ತಲೆ ಆಡಿಸಿದರು. "ಹೌದು, ಸರಿ ಹೇಳಿದಿರಿ" ಅಂದರು. ಅವರೂ ಹಲಸಿನ ಹಣ್ಣು ತಿಂದು ಬೆಳೆದವರೇ ತಾನೇ.

ಇನ್ನು ಅದ್ದುಚ್ಚನ ವಿಷಯ. ಇದೊಂದನ್ನು ಬರೆಯುವುದಕ್ಕಾಗಿಯೇ ಉಳಿದದ್ದೆಲ್ಲ ಬರೆದದ್ದು ಅಂತ ಈಗ ಕಾಣುತ್ತದೆ.

ಅಬ್ದುಲ್ ಖಾದರ್ ಅಂತ ಹೆಸರು, ನಮಗೆಲ್ಲ ಅದ್ದುಚ್ಚ. ಗಲ್ಫಿನಲ್ಲಿ ಬಹಳ ವರ್ಷ ಡ್ರೈವರ್ ಆಗಿದ್ದು ಊರಿಗೆ ಬಂದವರು. ಮುಂದಿನ ಸೀಟಿನ ಅಡಿಯಲ್ಲೇ ಇಂಜಿನ್ ಇರುವ ಒಂದು ಹಳೆ ವ್ಯಾನು ತೆಗೆದುಕೊಂಡು ಬಾಡಿಗೆ ಓಡಿಸುತ್ತಿದ್ದರು. ವಾರಕ್ಕೆ ಮೂರು ದಿನ ಮೂವರು ಡಯಾಲಿಸಿಸ್ ರೋಗಿಗಳನ್ನು ವೇಣೂರಿನ ದಾರಿಯಾಗಿ ಮೂಡುಬಿದಿರೆಯ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕರೆದುಕೊಂಡು ಬರುವುದು ಅವರದ್ದೇ. ಆ ಮೂವರಲ್ಲಿ ಒಬ್ಬಳು ರತ್ನಕ್ಕ, ನನ್ನ ಗಂಡನ ಅಕ್ಕ, ನಮ್ಮ ಮನೆಯಲ್ಲೇ ಇರುವವಳು. ಡಯಾಲಿಸಿಸ್ ಒಂದು ಸಲ ತಪ್ಪಿದರೂ ಅವಳ ಕಾಲು ಬಾತು ಉಸಿರು ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಆ ವ್ಯಾನು ನಿಲ್ಲಬಾರದು. ನಮ್ಮ ಮನೆಯಲ್ಲಿ ದೇವರಿಗೆ ಕೈಮುಗಿಯುವಾಗ ವ್ಯಾನಿನ ಹೆಸರೂ ಸೇರುತ್ತಿತ್ತು ಅಂದರೆ ತಮಾಷೆ ಅಲ್ಲ.

ಒಂದು ದಿನ ಅದ್ದುಚ್ಚ ಬಂಕಿಗೆ ಬಂದು ಇಳಿದರು. "ವಾರಿಜಕ್ಕ, ಏರು ಬಂದರೆ ಇಂಜಿನ್ ಕಟಕಟ ಅಂತದೆ. ಅಲ್ಲಿ ಗಲ್ಫಿನಲ್ಲಿ ಅರಬಿಯ ಗಾಡಿಗೆ ನಾನು ಯಾವಾಗಲೂ ಸೂಪರ್ ಅಂತ ಹೆಚ್ಚು ರೇಟಿನ ಪೆಟ್ರೋಲು ಹಾಕುತ್ತಿದ್ದದ್ದು, ಒಂದು ಶಬ್ದ ಇರುತ್ತಿರಲಿಲ್ಲ. ಇದಕ್ಕೂ ಸ್ಪೆಷಲ್ ಹಾಕಿ ನೋಡುವುದಾ? ನಿಮ್ಮ ರತ್ನಕ್ಕ ಕೂರುವ ಗಾಡಿ. ನೀವು ಹೇಳಿದ ಹಾಗೆ."

ನೀವು ಹೇಳಿದ ಹಾಗೆ ಅಂದರು. ನನ್ನ ಹದಿನೇಳು ವರ್ಷದಲ್ಲಿ ಯಾರೂ ಅಷ್ಟು ನಂಬಿಕೆಯಿಂದ ಕೇಳಿದ್ದಿಲ್ಲ.

ಇಲ್ಲಿ ಒಂದು ಮಾತು ಮುಚ್ಚಿಡದೆ ಬರೆಯಬೇಕು. ಆಫೀಸಿನ ಗೋಡೆಯಲ್ಲಿ ಯಾರು ಎಷ್ಟು ಸ್ಪೆಷಲ್ ಹಾಕಿದರು ಅಂತ ಒಂದು ಪಟ್ಟಿ ಇತ್ತು. ಆ ತಿಂಗಳು ನನ್ನ ಹೆಸರು ಎಲ್ಲರಿಗಿಂತ ಕೆಳಗೆ. ಬೆಳಿಗ್ಗೆಯಷ್ಟೇ ಮಾಧವಣ್ಣ, "ಎಂತ ವಾರಿಜಕ್ಕ, ಬಾಯಲ್ಲಿ ಅವಲಕ್ಕಿ ತುಂಬಿಸಿಕೊಂಡು ನಿಲ್ಲುತ್ತೀರಾ?" ಅಂದಿದ್ದರು. ನಾನು ಅದ್ದುಚ್ಚನಿಗೆ "ಹಾಕುವ, ಒಳ್ಳೆಯದೇ" ಅಂದದ್ದು ರತ್ನಕ್ಕನಿಗಾಗಿಯಾ, ಪಟ್ಟಿಗಾಗಿಯಾ? ಎಷ್ಟು ಸಲ ಕೇಳಿಕೊಂಡರೂ ಎರಡೂ ಬೆರೆತೇ ಕಾಣುತ್ತವೆ. ಬೇರೆ ಮಾಡಿ ತೋರಿಸುವ ಸೋಸುಕಾಗದ ಇಲ್ಲ.

ಸ್ಪೆಷಲ್ ಹಾಕಿಸಿದರು. ಶಬ್ದ ನಿಂತಿತು! ಎರಡನೇ ಸಲ ಬಂದಾಗ ಅದ್ದುಚ್ಚ ಬಂಕಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ, "ನಮ್ಮ ವಾರಿಜಕ್ಕ ಡಾಕ್ಟರು" ಅಂದರು. ನಾನು ಮನಸ್ಸಿನಲ್ಲೇ ದೇವರಿಗೆ ಒಂದು ತೆಂಗಿನಕಾಯಿ ಹೇಳಿಕೊಂಡೆ.

ಆ ಮೇಲೆ ರತ್ನಕ್ಕ ಗೊಣಗಲು ಶುರು ಮಾಡಿದಳು. ಅವಳು ಕೂರುವುದು ಮುಂದಿನ ಸೀಟಿನಲ್ಲಿ, ಇಂಜಿನ್ನಿನ ಮೇಲೆ.

"ಸೀಟು ಬಿಸಿ ಮಾರಾಯ್ತಿ. ದೋಸೆ ಕಾವಲಿಯ ಮೇಲೆ ಕೂತ ಹಾಗೆ ಆಗ್ತದೆ."

ರತ್ನಕ್ಕ ಗೊಣಗದ ದಿನ ಇಲ್ಲ. ಗಂಜಿ ಬಿಸಿ, ನೀರು ತಣ್ಣಗೆ, ಆಸ್ಪತ್ರೆಯ ಫ್ಯಾನ್ ಜೋರು. ನಾನು ನಕ್ಕು ಹೇಳಿದೆ: "ಸ್ಪೆಷಲ್ ಪೆಟ್ರೋಲ್ ಅಲ್ಲವಾ ಅಕ್ಕ, ಉಷ್ಣ ಇರುತ್ತದೆ. ಒಂದು ಮಡಚಿದ ಬೈರಾಸು ಹಾಕಿಕೊಂಡು ಕೂತುಕೊಳ್ಳಿ."

"ನಿನ್ನ ಪೆಟ್ರೋಲಿಗೆ ಒಂದು ಲೋಟ ಮಜ್ಜಿಗೆ ಕುಡಿಸು" ಅಂದಳು ಅವಳು.

ಅವಳು ಬೈರಾಸು ಹಾಕಿಕೊಂಡು ಹೋದಳು. ಹಳೆ ಟವೆಲು, ನಾನೇ ಮಡಚಿ ಕೊಟ್ಟದ್ದು. ಅದ್ದುಚ್ಚನಿಗೂ ಹೇಳಿದೆ, ಎರಡು ಸಲ ಸಾದಾ ಹಾಕಿದರೆ ತಂಪಾಗುತ್ತದೆ ಅಂತ. "ಸಾದಾ ಹಾಕಿದರೆ ಪುನಃ ಕಟಕಟ ಅಂತದೆ ವಾರಿಜಕ್ಕ, ಸ್ಪೆಷಲೇ ಇರಲಿ" ಅಂದರು. ಇರಲಿ ಅಂದೆ.

ಸುಮಾರು ಎರಡು ತಿಂಗಳು ಹೀಗೆ ನಡೆಯಿತು.

ಬಂಕಿನಲ್ಲಿ ನಮ್ಮ ಮೊಬೈಲುಗಳನ್ನು ಆಫೀಸಿನ ಡ್ರಾಯರಿನಲ್ಲಿ ಇಡಬೇಕು. ಒಂದು ಬೆಳಿಗ್ಗೆ ಗಿರಾಕಿಗಳ ಸಾಲು ಉದ್ದ ಇರುವಾಗ ಮಾಧವಣ್ಣ ನನ್ನ ಮೊಬೈಲ್ ಹಿಡಿದುಕೊಂಡು ಬಾಗಿಲಿಗೆ ಬಂದರು. ಅವರು ಹಾಗೆ ಬರುವವರಲ್ಲ.

"ವ್ಯಾನಿನವರ ಫೋನು. ವೇಣೂರು ದಾಟಿ ಸ್ವಲ್ಪ ದೂರದಲ್ಲಿ ಗಾಡಿ ನಿಂತಿದೆಯಂತೆ. ಇಂಜಿನ್ನಿನಿಂದ ಹೊಗೆಯೋ ಆವಿಯೋ ಬಂತಂತೆ. ಯಾರಿಗೂ ಏನೂ ಆಗಲಿಲ್ಲ. ಆದರೆ ಮೂವರೂ ರಸ್ತೆ ಬದಿಯಲ್ಲಿ ಕೂತಿದ್ದಾರೆ, ಬೇರೆ ಗಾಡಿ ಹುಡುಕುತ್ತಿದ್ದಾರಂತೆ."

ನಾನು ಹೋದರೂ ಎಂತ ಮಾಡುವುದು? ಅಲ್ಲಿಗೆ ಮುಟ್ಟುವಷ್ಟರಲ್ಲಿ ಆಸ್ಪತ್ರೆಯ ಹೊತ್ತು ಮೀರುತ್ತದೆ. ಅಲ್ಲಿಯೇ ನಿಂತೆ. ಒಂದು ಬೈಕು ಬಂತು. ಟ್ಯಾಂಕಿನ ಮುಚ್ಚಳ ತೆಗೆದು ಅವನು ನನ್ನ ಬಾಯಿ ನೋಡುತ್ತಿದ್ದಾನೆ. "ಸ್ಪೆಷಲ್ ಹಾಕುವುದಾ" ಅಂತ ನಾನು ಕೇಳಬೇಕು. ಕೇಳಲಿಲ್ಲ. ಸುಮ್ಮನೆ ಸಾದಾ ಪೈಪು ತೆಗೆದೆ. ಮುಂದಿನವರಿಗೂ ಹಾಗೆಯೇ. ಒಂದೂವರೆ ಗಂಟೆ ಹಾಗೆಯೇ. ಕಣ್ಣ ಮುಂದೆ ಆ ಬೈರಾಸು ಕಾಣುತ್ತಿತ್ತು. ಅವಳು ಬಿಸಿ ಅಂತ ಹೇಳಿದ್ದಳು. ಇಂಜಿನ್ನೇ ಅವಳ ಕೈಲಿ ಹೇಳಿಸಿತ್ತು. ನಾನು ಅದರ ಮೇಲೆ ಬಟ್ಟೆ ಮಡಚಿ ಇಟ್ಟೆ.

ಮಾಧವಣ್ಣ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಬೈಯಲಿಲ್ಲ. ಅದನ್ನೂ ನಾನು ದೇವರ ದಯೆಯ ಲೆಕ್ಕಕ್ಕೆ ಸೇರಿಸಿದ್ದೇನೆ.

ಮತ್ತೆ ಫೋನು ಬಂತು. ಮದುವೆಗೆ ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವವರ ಟೆಂಪೋ ಒಂದು ಮೂಡುಬಿದಿರೆಗೆ ಹೋಗುವುದಿತ್ತಂತೆ. ಅವರು ನಿಲ್ಲಿಸಿ ಮೂವರನ್ನೂ ಹತ್ತಿಸಿಕೊಂಡರಂತೆ. ಡ್ರೈವರನ ಪಕ್ಕದಲ್ಲಿ ಕೂರಿ ಅಂದರೆ ರತ್ನಕ್ಕ ಒಪ್ಪಲಿಲ್ಲ. "ಇನ್ನು ಇಂಜಿನ್ನಿನ ಮೇಲೆ ಕೂರುವ ಹರಕೆ ನನಗಿಲ್ಲ" ಅಂತ ಹೇಳಿ ಹಿಂದೆ ಪಾತ್ರೆಗಳ ನಡುವೆ ಒಂದು ಕೆಂಪು ಕುರ್ಚಿ ಹಾಕಿಸಿಕೊಂಡು, ಹಗ್ಗ ಹಿಡಿದು ಕೂತು ಹೋದಳಂತೆ. ಆಸ್ಪತ್ರೆಯವರು ಹೊತ್ತು ಮೀರಿದರೂ ಮುಂದಿನ ಪಾಳಿಯಲ್ಲಿ ಜಾಗ ಮಾಡಿಕೊಟ್ಟರು. ಸಂಜೆ ಮನೆಗೆ ಬಂದವಳ ಕಾಲು ಹಿಡಿದು ನೋಡಿದೆ. ಬಾವು ಇರಲಿಲ್ಲ. ಹಾಗೆಯೇ ಹಿಡಿದುಕೊಂಡು ಕೂತೆ.

"ಬಿಡು ಮಾರಾಯ್ತಿ, ಮದುಮಗಳ ದಿಬ್ಬಣದ ಹಾಗೆ ಹೋದೆ" ಅಂದಳು. ಕಾಲು ಎಳೆದುಕೊಂಡು, "ಆದರೆ ನಾನು ಹೇಳಿದ್ದೆ" ಅಂದಳು. ಅದಕ್ಕಿಂತ ಹೆಚ್ಚು ಒಂದು ದಿನವೂ ಹೇಳಲಿಲ್ಲ.

ಮರುದಿನ ನಾನು ಅದ್ದುಚ್ಚನ ಜೊತೆ ಲಾರೆನ್ಸ್ ಮೇಸ್ತ್ರಿಯ ಗ್ಯಾರೇಜಿಗೆ ಹೋದೆ. ಇಂಜಿನ್ ತಂಪು ಮಾಡುವ ನೀರಿನ ಪೈಪು ಯಾವಾಗಲೋ ಸಣ್ಣಗೆ ಒಡೆದು ಸೋರುತ್ತಿತ್ತು. ಬಿಸಿ ತೋರಿಸುವ ಮುಳ್ಳು ಹಾಳಾಗಿ ವರ್ಷವಾಗಿತ್ತು. ನೀರು ಕಡಿಮೆಯಾಗಿ ಇಂಜಿನ್ ಕಾದದ್ದರಿಂದಲೇ ಆ ಕಟಕಟ.

"ಸ್ಪೆಷಲ್ ಹಾಕಿದ್ದರಿಂದ ಹೀಗಾಯಿತಾ?" ನಾನು ಕೇಳಿದೆ.

ಲಾರೆನ್ಸ್ ಕೈ ಒರೆಸಿಕೊಂಡರು. "ಅದರಿಂದ ಅಲ್ಲ ವಾರಿಜಕ್ಕ. ಪೆಟ್ರೋಲಿನದ್ದು ಎಂತದ್ದೂ ತಪ್ಪಿಲ್ಲ. ಶಬ್ದ ನಿಲ್ಲಿಸುವುದು ಅದರ ಕೆಲಸ, ನಿಲ್ಲಿಸಿತು. ಹಲ್ಲುನೋವಿಗೆ ಮಾತ್ರೆ ನುಂಗಿದರೆ ನೋವು ಹೋಗುತ್ತದೆ, ಹುಳುಕು ಹೋಗುವುದಿಲ್ಲ."

"ಸಾದಾ ಹಾಕುತ್ತಿದ್ದರೆ?"

"ಕಟಕಟ ಜೋರಾಗಿ ಇವರು ಎರಡು ತಿಂಗಳು ಮೊದಲೇ ನನ್ನ ಹತ್ತಿರ ಬರುತ್ತಿದ್ದರು. ಅಥವಾ ಬಾರದೆಯೂ ಇರುತ್ತಿದ್ದರು. ಇವರ ವಿಷಯ ಹೇಳಲಿಕ್ಕೆ ಆಗುವುದಿಲ್ಲ."

"ಹಾಗಾದರೆ ಸ್ಪೆಷಲ್ ಒಳ್ಳೆಯದಾ, ಕೆಟ್ಟದಾ?"

"ನೀವು ಬಂಕಿನವರು ನನ್ನನ್ನು ಕೇಳುವುದಾ?" ಅಂತ ಲಾರೆನ್ಸ್ ನಕ್ಕರು.

ನನ್ನ ಕಣ್ಣಲ್ಲಿ ನೀರು ಬಂತು. ಅದ್ದುಚ್ಚ ಗಾಬರಿಯಾದರು. "ಎಂತ ವಾರಿಜಕ್ಕ ನೀವು. ಮುಳ್ಳು ರಿಪೇರಿ ಮಾಡಿಸದವ ನಾನು. ನೀರು ನೋಡದವ ನಾನು. ಗಲ್ಫಿನಲ್ಲಿ ಎಲ್ಲ ಕಂಪೆನಿಯವರೇ ನೋಡಿಕೊಳ್ಳುತ್ತಿದ್ದರು, ನನಗೆ ಸ್ಟೇರಿಂಗ್ ತಿರುಗಿಸುವುದು ಮಾತ್ರ ಗೊತ್ತಿತ್ತು. ಪಡೆದವನು, ನಮ್ಮನ್ನು ಸೃಷ್ಟಿಸಿದವನು, ಮೂವರನ್ನೂ ಉಳಿಸಿದ. ಅಷ್ಟು ಸಾಕು."

ಅವರ ಪಡೆದವನು, ನನ್ನ ದೇವರು, ಲಾರೆನ್ಸರ ಗೋಡೆಯ ಮೇಲಿನ ಶಿಲುಬೆ. ಆ ಹೊತ್ತಿಗೆ ಎಲ್ಲರಿಗೂ ಕೈಮುಗಿದೆ.

ಆ ಮೇಲೆ ನಾನು ಕೆಲಸ ಮಾಡಿದ ವರ್ಷಗಳಲ್ಲಿ ನನ್ನ ಕ್ರಮ ಬದಲಾಯಿತು. ಸ್ಪೆಷಲ್ ಹಾಕುವುದಾ ಅಂತ ಕೇಳಲೇಬೇಕು, ಕೇಳಿದೆ. ಆದರೆ ಯಾಕೆ ಅಂತ ಯಾರಾದರೂ ತಿರುಗಿ ಕೇಳಿದರೆ, "ಗಾಡಿಯಲ್ಲಿ ಹೊಸ ಶಬ್ದ ಉಂಟಾ? ಬಿಸಿ ಆಗುತ್ತದಾ? ಉಂಟಾದರೆ ಮೊದಲು ಮೇಸ್ತ್ರಿಗೆ ತೋರಿಸಿ ಬನ್ನಿ" ಅಂತ ಹೇಳುತ್ತಿದ್ದೆ. ಉಷ್ಣ, ತಂಪು ಹೇಳುವುದನ್ನು ಬಿಟ್ಟೆ. ಪಟ್ಟಿಯಲ್ಲಿ ನನ್ನ ಹೆಸರು ಕೆಳಗೆಯೇ ಉಳಿಯಿತು. ಈಗ ಪೆಟ್ರೋಲಿಗೆ ಕಬ್ಬಿನದ್ದೋ ಜೋಳದ್ದೋ ಎಥೆನಾಲ್ ಬೇರೆ ಸೇರಿಸುತ್ತಾರೆ. ಹಳೆ ಗಾಡಿಗೆ ಅದು ಆಗುವುದಾ ಅಂತ ಜನರಿಗೆ ಹೊಸ ಸಂಶಯ. ಒಬ್ಬರು ಆಗುತ್ತದೆ ಅನ್ನುತ್ತಾರೆ, ಇನ್ನೊಬ್ಬರು ಇಲ್ಲ ಅನ್ನುತ್ತಾರೆ. ಒಂದು ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಪ್ರಶ್ನೆಯೇ ಬದಲಾದರೆ ನಾನಾದರೂ ಎಂತ ಮಾಡಲಿ?

ಅದ್ದುಚ್ಚ ಈಗಲೂ ತಿಂಗಳಿಗೊಮ್ಮೆ ಸ್ಪೆಷಲ್ ಹಾಕಿಸುತ್ತಾರೆ. ಯಾಕೆ ಅಂತ ಕೇಳಿದರೆ, "ಸುಮ್ಮನೆ. ಗಲ್ಫಿನ ನೆನಪಿಗೆ" ಅನ್ನುತ್ತಾರೆ. ಅದರಿಂದ ಗಾಡಿಗೆ ಒಳ್ಳೆಯದಾ ಅಂತ ನಾನೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ.

ಶ್ವೇತಾ, ನಿನಗೆ ನಾನು ಹೇಳಬಹುದಾದದ್ದು ಇಷ್ಟೇ. ಗಾಡಿಯ ಪುಸ್ತಕದಲ್ಲಿ ಬರೆದ ಪೆಟ್ರೋಲು ಸಾಕು ಅಂತ ಮೇಷ್ಟ್ರು ಹೇಳಿದ್ದನ್ನು ನಾನು ನಂಬುತ್ತೇನೆ. ಭಟ್ರ ಸ್ಕೂಟರು ಏರು ಹತ್ತಿದ್ದನ್ನೂ ನಂಬುತ್ತೇನೆ. ವ್ಯಾನಿನ ಶಬ್ದ ನಿಂತದ್ದನ್ನು ಅದ್ದುಚ್ಚನ ಬಾಯಿಯಿಂದಲೇ ಕೇಳಿದ್ದೇನೆ. ಎಲ್ಲ ನಿಜವೇ ಆದರೆ ಯಾವುದನ್ನು ಗಿರಾಕಿಗೆ ಹೇಳುವುದು ಅಂತ ನನಗೆ ಗೊತ್ತಿಲ್ಲ.

ವಾರಕ್ಕೆ ಮೂರು ದಿನ ಬೆಳಿಗ್ಗೆ ಏಳಕ್ಕೆ ವ್ಯಾನು ನಮ್ಮ ಗೇಟಿಗೆ ಬರುತ್ತದೆ. ಅದ್ದುಚ್ಚ ಇಂಜಿನ್ ಬಂದ್ ಮಾಡದೆ ಬಾಗಿಲು ತೆಗೆದು ಕಾಯುತ್ತಾರೆ. ರತ್ನಕ್ಕ ಹತ್ತುವ ಮೊದಲು ನಾನು ಮುಂದಿನ ಸೀಟಿನ ಮೇಲೆ ಅಂಗೈ ಊರಿ ನಿಲ್ಲುತ್ತೇನೆ. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ, ಮನಸ್ಸಿನಲ್ಲಿ ದೇವರ ಹೆಸರು ಹೇಳಿ ಮುಗಿಯುವಷ್ಟು ಹೊತ್ತು.

"ಎಂತ ಹೇಳುತ್ತದೆ ಡಾಕ್ಟ್ರೇ?" ಅಂತ ಅದ್ದುಚ್ಚ ಕೇಳುತ್ತಾರೆ.

"ಬೆಚ್ಚಗೆ ಉಂಟು. ಬಿಸಿ ಇಲ್ಲ."

"ಕೈ ತೆಗೆ ಮಾರಾಯ್ತಿ, ನಾನು ಕೂರುವುದು ಎಲ್ಲಿ?" ಅನ್ನುತ್ತಾಳೆ ರತ್ನಕ್ಕ.

ನಾನು ಕೈ ತೆಗೆಯುತ್ತೇನೆ.